ಒಡೆಯದ ಕೋಶ ಲೆಕ್ಕಕ್ಕೆ ಬರುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು, ಚಿತ್ರಗಳೂ ಚೆನ್ನಾಗಿದ್ದವು. ಯಾವ ಗುಂಪಿನ ಬ್ಯಾಕ್ಟೀರಿಯಾ ಎಷ್ಟು ಪಾಲು ಇದೆ ಅಂತ ಬಣ್ಣದ ಪಟ್ಟಿಗಳಲ್ಲಿ ತೋರಿಸಿದ್ದೀರಿ. ಆದರೆ ಆ ಪಟ್ಟಿಗಳು ಎಲ್ಲಿಂದ ಬಂದವು ಅನ್ನುವುದಕ್ಕೆ ಇದ್ದದ್ದು ಒಂದೇ ಸಾಲು: ಮಾದರಿಯಿಂದ ಡಿಎನ್‌ಎ ತೆಗೆದು ಓದಲಾಯಿತು. ನನ್ನ ತಕರಾರು ಆ ಒಂದು ಸಾಲಿನ ಬಗ್ಗೆ. ನಾನು ಸೂಕ್ಷ್ಮಜೀವಿಗಳ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆ ಸಾಲಿನೊಳಗೆ ಏನೇನು ಅಡಗಿದೆ ಅಂತ ದಿನವೂ ನೋಡುತ್ತಿರುತ್ತೇನೆ, ಹಾಗಾಗಿ ಪತ್ರ ಸ್ವಲ್ಪ ಉದ್ದವಾಗುತ್ತದೆ.

ಡಿಎನ್‌ಎ ಇರುವುದು ಕೋಶದ ಒಳಗೆ. ಅದು ಹೊರಗೆ ಬರಬೇಕಾದರೆ ಮೊದಲು ಕೋಶ ಒಡೆಯಬೇಕು. ಎಲ್ಲ ಕೋಶಗಳೂ ಒಂದೇ ಥರ ಒಡೆಯುವುದಿಲ್ಲ. ಕೆಲವಕ್ಕೆ ಡಿಟರ್ಜೆಂಟ್ ತಾಗಿದರೆ ಸಾಕು, ಬಿಚ್ಚಿಕೊಂಡುಬಿಡುತ್ತವೆ. ಇನ್ನು ಕೆಲವು ಡಿಟರ್ಜೆಂಟ್ ಹಾಕಿ ಬಿಸಿ ಮಾಡಿದರೂ ಜಗ್ಗುವುದಿಲ್ಲ. ಸುಲಭದವು ಒಡೆದು, ಗಟ್ಟಿಯವು ಹಾಗೇ ಇಡಿಯಾಗಿ ಟ್ಯೂಬಿನ ತಳದಲ್ಲಿ ಕೂತರೆ, ಆಮೇಲೆ ಎಷ್ಟೇ ದುಬಾರಿ ಯಂತ್ರಕ್ಕೆ ಹಾಕಿ ಓದಿಸಿದರೂ ಲೆಕ್ಕಕ್ಕೆ ಸಿಗುವುದು ಒಡೆದವು ಮಾತ್ರ. ಬೀಗ ತೆಗೆಯಲು ಆದ ಪೆಟ್ಟಿಗೆಗಳ ಮತ ಮಾತ್ರ ಎಣಿಸಿ ಗೆದ್ದವರ ಹೆಸರು ಹೇಳಿದ ಹಾಗೆ. ತಪ್ಪಾಗಿದೆ ಅಂತ ಯಂತ್ರ ಹೇಳುವುದಿಲ್ಲ. ಪಟ್ಟಿ ಅಷ್ಟೇ ಅಂದವಾಗಿ ಬರುತ್ತದೆ.

ಕೋಶದ ಗೋಡೆಯ ವಿಷಯ ಸ್ವಲ್ಪ ಹೇಳಬೇಕು. ಎಲ್ಲರಿಗೂ ಹೆಸರು ಗೊತ್ತಿರುವ ಇ. ಕೋಲಿ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 2 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಮೈಕ್ರೋಮೀಟರ್, ಅದರ ಸಾವಿರದ ಒಂದು ಪಾಲು ನ್ಯಾನೋಮೀಟರ್). ಅದರ ಗಟ್ಟಿ ಗೋಡೆಯ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ಗ್ರಾಂ ಪಾಸಿಟಿವ್ ಅಂತ ಕರೆಯುವ ಗುಂಪಿನಲ್ಲಿ ಅದೇ ಪದರ 20ರಿಂದ 80 ನ್ಯಾನೋಮೀಟರ್ ತನಕ ಇರುತ್ತದೆ. ಕ್ಷಯ ರೋಗದ ಬ್ಯಾಕ್ಟೀರಿಯಾಕ್ಕೆ ಅದರ ಮೇಲೆ ಮೇಣದಂಥ ಕೊಬ್ಬಿನ ಹೊದಿಕೆ ಬೇರೆ. ಯೀಸ್ಟ್ ಇನ್ನೂ ದೊಡ್ಡದು, ಸುಮಾರು 5 ಮೈಕ್ರೋಮೀಟರ್. ಅದರ ಗೋಡೆ ಗ್ಲೂಕನ್, ಕೈಟಿನ್, ಮ್ಯಾನೋಪ್ರೋಟೀನ್ ಅನ್ನುವ ವಸ್ತುಗಳೆಲ್ಲ ಹೆಣೆದುಕೊಂಡು ಆದದ್ದು, ಬ್ಯಾಕ್ಟೀರಿಯಾದ ಗೋಡೆಗಿಂತ ಬಹಳ ದಪ್ಪ. ಇವೆಲ್ಲದರ ಜೊತೆಗೆ ಬೀಜಕಗಳು ಬೇರೆ ಇವೆ, ಅಂದರೆ ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ ಗಟ್ಟಿ ಚಿಪ್ಪಿನ ರೂಪ. ಬಿಸಿಲು, ಒಣಹವೆ, ರಾಸಾಯನಿಕ ಎಲ್ಲವನ್ನೂ ತಡೆದುಕೊಂಡು ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತವೆ.

ಗೋಡೆ ಕತ್ತರಿಸುವ ಕಿಣ್ವಗಳು ಇವೆಯಲ್ಲ ಅಂತ ಕೇಳಬಹುದು. ಇವೆ. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ವರದಿ ಮಾಡಿದ ಲೈಸೋಜೈಮ್ ಈಗಲೂ ಲ್ಯಾಬುಗಳಲ್ಲಿ ದಿನನಿತ್ಯ ಬಳಕೆಯಲ್ಲಿದೆ. ನಮ್ಮ ಕಣ್ಣೀರಿನಲ್ಲೂ ಇರುವ ಕಿಣ್ವ ಅದು. ಆದರೆ ಕಿಣ್ವಕ್ಕೆ ಗೋಡೆಯ ಗುರುತು ಹತ್ತಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ತನ್ನ ಗೋಡೆಯಲ್ಲಿ ಒಂದು ಸಣ್ಣ ರಾಸಾಯನಿಕ ಬದಲಾವಣೆ ಮಾಡಿಕೊಂಡಿದೆ, ಅಷ್ಟಕ್ಕೇ ಲೈಸೋಜೈಮ್ ಅದರ ಮೇಲೆ ನಡೆಯುವುದಿಲ್ಲ. ಅದಕ್ಕೆ ಲೈಸೋಸ್ಟ್ಯಾಫಿನ್ ಅನ್ನುವ ಬೇರೆಯೇ ಕಿಣ್ವ ಬೇಕು. ಯೀಸ್ಟ್‌ಗೆ ಇನ್ನೊಂದು, ಜೈಮೊಲಯೇಸ್. ಟ್ಯೂಬಿನಲ್ಲಿ ಇರುವುದು ಒಂದೇ ಜಾತಿ, ಅದು ಯಾವುದು ಅಂತಲೂ ಗೊತ್ತು ಅಂದರೆ ಸರಿಯಾದ ಕಿಣ್ವ ಹಾಕಿ ಕೆಲಸ ಮುಗಿಸಬಹುದು. ಆದರೆ ಮಲದ ಮಾದರಿಯಲ್ಲೋ ಒಂದು ಚಿಟಿಕೆ ಮಣ್ಣಿನಲ್ಲೋ ಇರುವುದು ನೂರಾರು ಜಾತಿ. ಯಾರು ಯಾರು ಇದ್ದಾರೆ ಅಂತ ತಿಳಿಯುವುದಕ್ಕೇ ತಾನೇ ಪರೀಕ್ಷೆ ಮಾಡುವುದು? ಮೊದಲೇ ಗೊತ್ತಿರುವುದು ಹೇಗೆ?

ಅಲ್ಲಿಗೆ ಗಾಜಿನ ಮಣಿ ಬರುತ್ತದೆ. ನೋಡಿದರೆ ಏನೂ ಅನಿಸದ ವಸ್ತು. ಸಣ್ಣ ಪ್ಲಾಸ್ಟಿಕ್ ಟ್ಯೂಬಿಗೆ ಕೋಶಗಳನ್ನು ಆಮ್ಲ-ಕ್ಷಾರದ ಹದ ಕೆಡದಂತೆ ಇಡುವ ದ್ರಾವಣ, ಅಂದರೆ ಬಫರ್‌ನಲ್ಲಿ ಕಲಸಿ ಹಾಕಿ, ಮೇಲೆ ಮಣಿ ಸುರಿದು, ಮುಚ್ಚಳ ಬಿಗಿದು ಜೋರಾಗಿ ಅಲುಗಿಸುವುದು. ಮಣಿ ಮಣಿಗೆ ಡಿಕ್ಕಿ ಹೊಡೆಯುತ್ತದೆ, ಉಜ್ಜುತ್ತದೆ, ನಡುವೆ ಸಿಕ್ಕ ಕೋಶ ಹರಿದುಹೋಗುತ್ತದೆ. ಗೋಡೆ ಯಾವ ವಸ್ತುವಿನದ್ದು, ಯಾವ ಜಾತಿಯದ್ದು ಅಂತ ಮಣಿ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಅದೇ.

ಮಣಿಯ ಗಾತ್ರ ಮುಖ್ಯ. ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ 0.1 ಮಿ.ಮೀ., ಯೀಸ್ಟ್ ಮತ್ತು ಶಿಲೀಂಧ್ರಕ್ಕೆ 0.5 ಮಿ.ಮೀ. ಆಸುಪಾಸು. ಅರ್ಧ ಮಿಲಿಮೀಟರ್ ಮಣಿ ಅಂದರೂ ಯೀಸ್ಟ್ ಕೋಶಕ್ಕಿಂತ ನೂರು ಪಟ್ಟು ಅಗಲ, ನೆನಪಿರಲಿ. ಮಣಿ ಸಣ್ಣದಾದಷ್ಟೂ ಅದೇ ಜಾಗದಲ್ಲಿ ಜಾಸ್ತಿ ಹಿಡಿಯುತ್ತವೆ. 0.5 ಮಿ.ಮೀ. ಮಣಿ ಒಂದು ಹಿಡಿಯುವ ಗಾತ್ರದಲ್ಲಿ 0.1 ಮಿ.ಮೀ. ಮಣಿಗಳು 125 ಆಗುತ್ತವೆ. ಅಂದರೆ ಡಿಕ್ಕಿಗಳೂ ಅಷ್ಟು ಜಾಸ್ತಿ, ನಡುವಿನ ಸಂದು ಅಷ್ಟು ಕಿರಿದು. ಚಿಕ್ಕ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಬಾರದು ಅಂದರೆ ಅದೇ ಬೇಕು. ಹಾಗಂತ ಯೀಸ್ಟ್‌ಗೂ ಅದನ್ನೇ ಹಾಕಿದರೆ ಪೆಟ್ಟಿನ ಭಾರ ಸಾಲುವುದಿಲ್ಲ. ಇನ್ನೂ ಭಾರ ಬೇಕು ಅಂದರೆ ಜಿರ್ಕೋನಿಯಾ ಮಣಿ ಇದೆ, ಅದೇ ಗಾತ್ರದ ಗಾಜಿನ ಮಣಿಯ ಎರಡು ಪಟ್ಟಿಗಿಂತ ಜಾಸ್ತಿ ತೂಕ. ಕಾಲೇಜಿನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಅಗಾರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡುವುದಕ್ಕೆ ಬಳಸುವ 3-4 ಮಿ.ಮೀ. ಗಾಜಿನ ಮಣಿ ಈ ಕೆಲಸಕ್ಕೆ ಆಗುವುದಿಲ್ಲ. ಅವು ಉರುಳಿ ಕೋಶಗಳನ್ನು ಹರಡುತ್ತವೆ, ಕೋಶಗಳಿಗೆ ಏನೂ ಆಗುವುದಿಲ್ಲ. ಅದಕ್ಕೇ ಅಲ್ಲಿ ಅವನ್ನು ಬಳಸುವುದು.

ಮಣಿ ಹಾಕಿ ಕೋಶ ಒಡೆಯುವುದು ದೊಡ್ಡ ವಿದ್ಯೆ ಏನಲ್ಲ ಅಂತ ಅನಿಸಬಹುದು. ಕೈಯಲ್ಲಿ ಮಾಡಿ ನೋಡಿದವರಿಗೆ ಗೊತ್ತು ಎಲ್ಲೆಲ್ಲಿ ಕೈಕೊಡುತ್ತದೆ ಅಂತ. ಮಣಿ ದ್ರವದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಬೇಕು. ಜಾಸ್ತಿ ಆದರೆ ಎಲ್ಲ ಬಿಗಿದುಕೊಂಡು ಅಲುಗುವುದೇ ಇಲ್ಲ, ಕಡಿಮೆ ಆದರೆ ದ್ರವ ಸುಮ್ನೆ ಸುತ್ತು ಹೊಡೆಯುತ್ತದೆ. ಟ್ಯೂಬಿನ ತಳ ಚೂಪಾಗಿದ್ದರೆ ಮಣಿಗಳು ಆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ದುಂಡು ತಳದ್ದು ವಾಸಿ. ಒತ್ತಿ ಮುಚ್ಚುವ ಮುಚ್ಚಳ ಅಲುಗಾಟಕ್ಕೆ ಸೋರುತ್ತದೆ, ತಿರುಗಿಸಿ ಬಿಗಿಯುವ ರಬ್ಬರ್ ಉಂಗುರದ ಮುಚ್ಚಳವೇ ಬೇಕು. ಟ್ಯೂಬ್ ಅಲುಗಿಸುವ ವೋರ್ಟೆಕ್ಸ್ ಯಂತ್ರದ ಮೇಲೆ ಕೈಯಲ್ಲಿ ಹಿಡಿದು ಮಾಡುವಾಗ ಕೈ ಸ್ವಲ್ಪ ಓರೆಯಾದರೂ ಸಾಕು, ಮಣಿಗಳು ಒಂದು ಕಡೆ ಗುಂಪಾಗಿ ನಿಂತುಬಿಡುತ್ತವೆ. ಸರಿಯಾಗಿ ನಡೆಯುತ್ತಿದ್ದರೆ ಇಡೀ ಟ್ಯೂಬಿನ ಉದ್ದಕ್ಕೂ ಮಣಿಗಳು ಮೇಲೆದ್ದು ಓಡಾಡುವುದು ಕಾಣುತ್ತದೆ, ಸದ್ದೂ ಬದಲಾಗುತ್ತದೆ. ಅದಕ್ಕೆಂದೇ ಇರುವ ಬೀಡ್ ಬೀಟರ್ ಯಂತ್ರದಲ್ಲಿ ಈ ಕೈಯ ವ್ಯತ್ಯಾಸ ಇರುವುದಿಲ್ಲ, ಎಲ್ಲ ಟ್ಯೂಬಿಗೂ ಒಂದೇ ಪೆಟ್ಟು.

ಇನ್ನೊಂದು ತೊಂದರೆ ಬಿಸಿ. ಒಂದು ನಿಮಿಷ ಜೋರಾಗಿ ಅಲುಗಿಸಿದ ಟ್ಯೂಬ್ ಕೈಗೆ ಬೆಚ್ಚಗೆ ಹತ್ತುತ್ತದೆ. ಡಿಎನ್‌ಎಗೆ ಅಷ್ಟು ಬಿಸಿ ಪರವಾಗಿಲ್ಲ, ಆದರೆ ಪ್ರೋಟೀನ್ ಬೇಕಾಗಿದ್ದರೆ ಕೆಲಸ ಕೆಟ್ಟ ಹಾಗೆ. ಅದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಅಲುಗಿಸಿ, ಐಸ್‌ನಲ್ಲಿ ಇಟ್ಟು ತಣಿಸಿ, ಮತ್ತೆ ಅಲುಗಿಸಿ, ಮತ್ತೆ ಐಸ್, ಹೀಗೆ ಹಲವು ಸುತ್ತು. ಸಾಧ್ಯವಿದ್ದರೆ 4 ಡಿಗ್ರಿಯ ತಣ್ಣನೆ ಕೋಣೆಯಲ್ಲೇ. ಯೀಸ್ಟ್‌ನಲ್ಲಂತೂ ಪ್ರೋಟೀನ್ ಕಡಿಯುವ ಕಿಣ್ವಗಳನ್ನು ಕೋಶ ತನ್ನ ಕೋಶರಸದ ಚೀಲದೊಳಗೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ನಾವು ಕೋಶ ಒಡೆದಾಗ ಆ ಚೀಲವೂ ಒಡೆದು, ಆ ಕಿಣ್ವಗಳು ನಮಗೆ ಬೇಕಾದ ಪ್ರೋಟೀನನ್ನೇ ಕತ್ತರಿಸಲು ಶುರುಮಾಡುತ್ತವೆ. ಅದನ್ನು ತಡೆಯಲು ಹಾಕುವ ರಾಸಾಯನಿಕ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ನಿನ್ನೆ ಬೆರೆಸಿಟ್ಟ ಬಫರ್ ಇವತ್ತು ಪ್ರಯೋಜನವಿಲ್ಲ, ಅಲುಗಿಸುವ ಮುಂಚೆಯಷ್ಟೇ ಹಾಕಬೇಕು. ಅದು ವಿಷ ಕೂಡ, ಕೈಗವಸು ಇಲ್ಲದೆ ಮುಟ್ಟಬಾರದು. ನೊರೆ ಬಂದರೂ ಪ್ರೋಟೀನ್ ಕೆಡುತ್ತದೆ.

ಒಡೆದದ್ದಾಯಿತು, ಮಣಿಗಳ ಸಂದಿನಲ್ಲಿ ನಿಂತ ದ್ರವ ತೆಗೆಯುವುದು ಹೇಗೆ? ಪೈಪೆಟ್ ಹಾಕಿ ಎಳೆದರೆ ಅರ್ಧ ಅಲ್ಲೇ ಉಳಿಯುತ್ತದೆ. ಹಳಬರು ಕಲಿಸಿಕೊಟ್ಟ ಉಪಾಯ ಒಂದಿದೆ. ಸೂಜಿಯನ್ನು ಕಾಯಿಸಿ ಟ್ಯೂಬಿನ ತಳಕ್ಕೆ ಸಣ್ಣ ತೂತು ಮಾಡಿ, ಅದನ್ನು ಇನ್ನೊಂದು ಖಾಲಿ ಟ್ಯೂಬಿನ ಮೇಲೆ ಕೂರಿಸಿ, ಎರಡನ್ನೂ ಒಟ್ಟಿಗೆ ಸೆಂಟ್ರಿಫ್ಯೂಜ್‌ನಲ್ಲಿ ಸ್ವಲ್ಪ ಹೊತ್ತು ಮೆಲ್ಲಗೆ ತಿರುಗಿಸುವುದು. ದ್ರವ ಕೆಳಗಿನ ಟ್ಯೂಬಿಗೆ ಇಳಿಯುತ್ತದೆ, ಒಣ ಮಣಿಗಳು ಮೇಲೆ ಉಳಿಯುತ್ತವೆ. ತೂತು ಮಣಿಗಿಂತ ಚಿಕ್ಕದಾಗಿರಬೇಕು, ಅಷ್ಟೇ. ಮೊದಲ ಸಲ ಇದನ್ನು ಮಾಡಿ, ಮೇಲಿನ ಟ್ಯೂಬ್ ತೆಗೆದು ಕೆಳಗೆ ಸ್ವಚ್ಛವಾಗಿ ಇಳಿದ ದ್ರವ ನೋಡುವ ವಿದ್ಯಾರ್ಥಿಗಳ ಮುಖ ಅರಳುವುದು ನೋಡಬೇಕು.

ನಿಜವಾಗಿ ಒಡೆದಿದೆಯೋ ಇಲ್ಲವೋ ಅಂತ ನೋಡುವುದೂ ಕಷ್ಟವಲ್ಲ. ಒಂದು ಹನಿ ಸ್ಲೈಡಿನ ಮೇಲೆ ಹಾಕಿ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಡಿಯಾದ ಯೀಸ್ಟ್ ಕೋಶಗಳು ಹೊಳೆಯುತ್ತವೆ, ಒಡೆದವು ಕಪ್ಪಗೆ ಮಂಕಾಗಿ ಖಾಲಿ ಚಿಪ್ಪಿನಂತೆ ಕಾಣುತ್ತವೆ. ಎರಡು ನಿಮಿಷದ ಕೆಲಸ. ಆದರೂ ಎಷ್ಟೋ ಕಡೆ ಈ ಎರಡು ನಿಮಿಷ ಕೊಡುವುದಿಲ್ಲ, ಕಿಟ್‌ನ ಜೊತೆ ಬಂದ ಕಾಗದದಲ್ಲಿ ಹೇಳಿದ ಹೊತ್ತು ಅಲುಗಿಸಿ ಮುಂದಕ್ಕೆ ಹೋಗುತ್ತಾರೆ. ನನಗೆ ಇದು ಸರಿಬರುವುದಿಲ್ಲ. ಒಡೆದಿದೆ ಅಂತ ಕಣ್ಣಾರೆ ಕಂಡ ಮೇಲೆ ತಾನೇ ಮುಂದಿನ ಲೆಕ್ಕಕ್ಕೆ ಅರ್ಥ?

ಇದು ಹೊಸ ವಿಷಯವೂ ಅಲ್ಲ. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳು ಮತ್ತು ಕೀಸಲ್‌ಗೂರ್ ಅನ್ನುವ ನುಣುಪು ಮಣ್ಣಿನ ಜೊತೆ ಅರೆದು, ಬಟ್ಟೆಯಲ್ಲಿ ಕಟ್ಟಿ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಿಂಡಿ ರಸ ತೆಗೆದರು. ರಸ ಕೆಡದೆ ಉಳಿಯಲಿ ಅಂತ ಸಕ್ಕರೆ ಹಾಕಿದರೆ ಗುಳ್ಳೆ ಬರತೊಡಗಿತು. ಜೀವಂತ ಕೋಶ ಇಲ್ಲದ ರಸದಲ್ಲೇ ಸಕ್ಕರೆ ಹುಳಿತು ಆಲ್ಕೊಹಾಲ್ ಆಗುತ್ತಿತ್ತು. ಹುಳಿಯುವುದಕ್ಕೆ ಜೀವಂತ ಕೋಶವೇ ಬೇಕು ಅಂತ ಲೂಯಿ ಪಾಶ್ಚರ್ ಹೇಳಿದ್ದನ್ನು ಆ ಕಾಲದಲ್ಲಿ ಹೆಚ್ಚಿನವರು ನಂಬಿದ್ದರು. ಬುಕ್ನರ್‌ಗೆ 1907ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕೋಶದೊಳಗಿನ ಕಿಣ್ವಗಳನ್ನು ಹೊರಗೆ ತೆಗೆದು ಓದುವ ಇಡೀ ಜೀವರಸಾಯನ ವಿಜ್ಞಾನ ಬೆಳೆದದ್ದು ಆ ಅರೆಯುವ ಕೆಲಸದ ಮೇಲೆ. ಮರಳಿನ ಜಾಗಕ್ಕೆ ಈಗ ಒಂದೇ ಅಳತೆಯ ಗಾಜಿನ ಮಣಿ ಬಂದಿದೆ, ಅಷ್ಟೇ ವ್ಯತ್ಯಾಸ. 1987ರಲ್ಲಿ ಚಾರ್ಲ್ಸ್ ಹಾಫ್‌ಮನ್ ಮತ್ತು ಫ್ರೆಡ್ ವಿನ್‌ಸ್ಟನ್ ಗಾಜಿನ ಮಣಿ ಬಳಸಿ ಹತ್ತು ನಿಮಿಷದಲ್ಲಿ ಯೀಸ್ಟ್‌ನ ಡಿಎನ್‌ಎ ತೆಗೆಯುವ ವಿಧಾನ ಪ್ರಕಟಿಸಿದರು, ಅದು ಇವತ್ತಿಗೂ ಯೀಸ್ಟ್ ಲ್ಯಾಬುಗಳಲ್ಲಿ ನಡೆಯುತ್ತಿದೆ. ಯೀಸ್ಟ್‌ನಲ್ಲಿ ತಯಾರಿಸಿದ ಹೆಪಟೈಟಿಸ್ ಬಿ ಲಸಿಕೆಗೆ ಅಮೆರಿಕದಲ್ಲಿ 1986ರಲ್ಲಿ ಅನುಮತಿ ಸಿಕ್ಕಿತು. ಅದರ ಪ್ರೋಟೀನ್ ಯೀಸ್ಟ್ ಕೋಶದೊಳಗೇ ಉಳಿಯುವಂಥದ್ದು, ಕೋಶ ಒಡೆಯದೆ ಲಸಿಕೆಯೇ ಇಲ್ಲ. ಕಾರ್ಖಾನೆಗಳಲ್ಲಿ ಕೋಶ ಒಡೆಯುವುದಕ್ಕೆ ಹೆಚ್ಚು ಒತ್ತಡದ ಯಂತ್ರಗಳೂ ಇವೆ, ಮಣಿ ತುಂಬಿದ ದೊಡ್ಡ ಗಿರಣಿಗಳೂ ಇವೆ.

ಈಗ ಹೊಟ್ಟೆಯ ಬ್ಯಾಕ್ಟೀರಿಯಾದ ವಿಷಯಕ್ಕೆ ಬರುತ್ತೇನೆ. ಅಲ್ಲಿರುವ ಬ್ಯಾಕ್ಟೀರಾಯ್ಡಿಸ್ ಗ್ರಾಂ ನೆಗೆಟಿವ್, ತೆಳು ಗೋಡೆ, ಬೇಗ ಒಡೆಯುತ್ತದೆ. ಬಿಫಿಡೊಬ್ಯಾಕ್ಟೀರಿಯಂ ಗ್ರಾಂ ಪಾಸಿಟಿವ್, ದಪ್ಪ ಗೋಡೆ. ಡಿಟರ್ಜೆಂಟ್ ಅಷ್ಟೇ ಬಳಸಿದ ಲ್ಯಾಬಿನಲ್ಲಿ ಮೊದಲನೆಯದು ಇರುವುದಕ್ಕಿಂತ ಜಾಸ್ತಿ, ಎರಡನೆಯದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅದೇ ಮಾದರಿಯನ್ನು ಮಣಿ ಹಾಕಿ ಅಲುಗಿಸುವ ಲ್ಯಾಬಿಗೆ ಕೊಟ್ಟರೆ ಬೇರೆ ಚಿತ್ರ. ಮನುಷ್ಯ ಅವನೇ, ಹೊಟ್ಟೆ ಅದೇ. 2017ರಲ್ಲಿ ಬೇರೆ ಬೇರೆ ಖಂಡಗಳ ಸಂಶೋಧಕರು ಸೇರಿ ಒಂದೇ ಮಲದ ಮಾದರಿಗಳಿಂದ 21 ವಿಧಾನಗಳಲ್ಲಿ ಡಿಎನ್‌ಎ ತೆಗೆದು ಹೋಲಿಸಿ ನೋಡಿದರು. ಮಾದರಿಯನ್ನು ಹೇಗೆ ಇಟ್ಟರು, ಓದುವುದಕ್ಕೆ ಹೇಗೆ ಸಿದ್ಧಮಾಡಿದರು ಅನ್ನುವುದಕ್ಕಿಂತ ಡಿಎನ್‌ಎ ಹೇಗೆ ತೆಗೆದರು ಅನ್ನುವುದೇ ಫಲಿತಾಂಶವನ್ನು ಹೆಚ್ಚು ಬದಲಿಸಿತ್ತು. ಎಲ್ಲರೂ ಬಳಸಿ ಅಂತ ಅವರು ಸೂಚಿಸಿದ ವಿಧಾನದಲ್ಲಿ ಮಣಿ ಹಾಕಿ ಅಲುಗಿಸುವ ಹಂತ ಇದೆ.

ಹಾಗಂತ ಮಣಿ ಹಾಕಿ ಎಷ್ಟು ಹೊತ್ತು ಬೇಕಾದರೂ ಅಲುಗಿಸಬಹುದು ಅಂತಲ್ಲ. ತೆಳು ಗೋಡೆಯವು ಮೊದಲ ಕೆಲವು ಸೆಕೆಂಡುಗಳಲ್ಲೇ ಒಡೆಯುತ್ತವೆ. ಅವುಗಳ ಡಿಎನ್‌ಎ ಹೊರಗೆ ಬಂದು ನಿಂತಿರುತ್ತದೆ, ಗಟ್ಟಿಯವು ಒಡೆಯುವ ತನಕ ನಾವು ಅಲುಗಿಸುತ್ತಲೇ ಇದ್ದರೆ ಆ ಡಿಎನ್‌ಎ ತುಂಡು ತುಂಡಾಗುತ್ತದೆ. ಡಿಎನ್‌ಎಯ ಸಣ್ಣ ಭಾಗವನ್ನು ಅನೇಕ ಪಟ್ಟು ನಕಲು ಮಾಡುವ ಪಿಸಿಆರ್‌ಗೆ ತುಂಡಾದರೂ ನಡೆಯುತ್ತದೆ. ಆದರೆ ಈಗ ಉದ್ದುದ್ದ ಎಳೆಗಳನ್ನೇ ಓದುವ ಯಂತ್ರಗಳು ಬಂದಿವೆ, ಅವಕ್ಕೆ ಈ ತುಂಡುಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕಿಣ್ವದ ದಾರಿಯೇ ಒಳ್ಳೆಯದು, ಇಲ್ಲವೇ ಸ್ವಲ್ಪ ಕಿಣ್ವ, ಸ್ವಲ್ಪ ಮೆಲ್ಲಗೆ ಮಣಿ. ಕೆಲವರು ಸ್ವಲ್ಪ ಹೊತ್ತು ಅಲುಗಿಸಿ ಹೊರಬಂದ ದ್ರವ ತೆಗೆದಿಟ್ಟು, ಉಳಿದದ್ದಕ್ಕೆ ಹೊಸ ಬಫರ್ ಹಾಕಿ ಮತ್ತೆ ಅಲುಗಿಸಿ, ಕೊನೆಗೆ ಎರಡನ್ನೂ ಸೇರಿಸುತ್ತಾರೆ. ನನಗೆ ಇದು ತುಂಬ ಇಷ್ಟವಾದ ವಿಧಾನ, ಬೇಗ ಒಡೆದವಕ್ಕೂ ತಡವಾಗಿ ಒಡೆದವಕ್ಕೂ ನ್ಯಾಯ ಸಿಗುತ್ತದೆ.

ಸುರಕ್ಷತೆಯ ಒಂದು ಮಾತು ಹೇಳದೆ ಬಿಡುವ ಹಾಗಿಲ್ಲ. ಅಲುಗಿಸಿದ ಟ್ಯೂಬನ್ನು ತಕ್ಷಣ ತೆರೆಯಬಾರದು. ಒಳಗೆ ಕಣ್ಣಿಗೆ ಕಾಣದ ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಕ್ಷಯದಂಥ ರೋಗಾಣು ಆಗಿದ್ದರೆ ಅದು ಉಸಿರಿಗೆ ಹೋಗುವ ಅಪಾಯ. ಅಂಥವನ್ನು ಮೊದಲೇ ಕೊಂದು ಆಮೇಲೆ ಅಲುಗಿಸುವುದು, ಟ್ಯೂಬ್ ಸ್ವಲ್ಪ ಹೊತ್ತು ಬಿಟ್ಟು ಬಯೋಸೇಫ್ಟಿ ಕ್ಯಾಬಿನೆಟ್ ಒಳಗೇ ತೆರೆಯುವುದು, ಇದರಲ್ಲಿ ರಿಯಾಯಿತಿ ಇಲ್ಲ. ಮಣಿಯನ್ನು ಮತ್ತೆ ಬಳಸುವವರು ಆಸಿಡ್‌ನಲ್ಲಿ ನೆನೆಸಿ, ನೀರಿನಲ್ಲಿ ಹುಳಿ ಪೂರ್ತಿ ಹೋಗುವ ತನಕ ತೊಳೆದು, ಒಣಗಿಸಿ ಓವನ್‌ನಲ್ಲಿ ಕಾಯಿಸಬೇಕು. ಡಿಎನ್‌ಎ ಪರೀಕ್ಷೆಗಾದರೆ ಹೊಸ ಮಣಿಯನ್ನೇ ಬಳಸಿ ಅಂತ ನಾನು ಹೇಳುತ್ತೇನೆ, ಹಳೆಯ ಮಾದರಿಯ ಚೂರು ಉಳಿದಿದ್ದರೆ ಅದೂ ಲೆಕ್ಕಕ್ಕೆ ಬಂದುಬಿಡುತ್ತದೆ.

ನಿಮ್ಮಲ್ಲಿ ನಾನು ಕೇಳುವುದು ಇಷ್ಟೇ. ಇಂಥ ಸುದ್ದಿ ಹಾಕುವಾಗ ಸಂಶೋಧಕರನ್ನು ಒಂದು ಪ್ರಶ್ನೆ ಕೇಳಿ: ಕೋಶ ಹೇಗೆ ಒಡೆದಿರಿ? ಉತ್ತರವನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಿ. ಮಣಿ ಬಳಸಿದರೇ, ಕಿಣ್ವ ಬಳಸಿದರೇ, ಎಷ್ಟು ಹೊತ್ತು ಅಲುಗಿಸಿದರು, ಅಷ್ಟು ಸಾಕು. ಓದುಗರಿಗೆ ಅರ್ಥವಾಗುವುದಿಲ್ಲ ಅಂತ ಬಿಡಬೇಡಿ. ಗಾಜಿನ ಮಣಿ ಹಾಕಿ ಅಲುಗಿಸಿದರು ಅಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ? ಬಣ್ಣದ ಪಟ್ಟಿಗಿಂತ ಅದೇ ಸುಲಭ.

ದುಡ್ಡು ಕೊಟ್ಟು ಹೊಟ್ಟೆಯ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸುವವರೂ ಈಗ ಜಾಸ್ತಿಯಾಗಿದ್ದಾರೆ. ನಿಮ್ಮ ಹೊಟ್ಟೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ ಇದೆ, ಈ ಪುಡಿ ತೆಗೆದುಕೊಳ್ಳಿ ಅಂತ ವರದಿ ಬರುತ್ತದೆ. ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಕಡಿಮೆ ಇದೆಯೋ, ಟ್ಯೂಬಿನಲ್ಲಿ ಒಡೆಯಲಿಲ್ಲವೋ? ವರದಿ ನೋಡಿ ಹೆದರುವ ಮುಂಚೆ ಆ ಲ್ಯಾಬಿಗೇ ಕೇಳಿ. ಯಾವ ಯಾವ ಜಾತಿ ಎಷ್ಟೆಷ್ಟು ಅಂತ ಮೊದಲೇ ಗೊತ್ತಿರುವ ಮಿಶ್ರಣ ಒಂದನ್ನು ಪ್ರತಿ ಸಲ ನಮ್ಮ ಮಾದರಿಯ ಜೊತೆಯಲ್ಲೇ ಒಡೆದು, ಓದಿ, ಲೆಕ್ಕ ಸರಿಬರುತ್ತದೆಯೇ ಅಂತ ನೋಡುತ್ತೀರಾ ಅಂತ ಕೇಳಿ. ಒಳ್ಳೆಯ ಲ್ಯಾಬು ಹೌದು ಅನ್ನುತ್ತದೆ, ಕೇಳಿದರೆ ಆ ಲೆಕ್ಕವನ್ನೂ ತೋರಿಸುತ್ತದೆ. ಹೋದ ವರ್ಷದ ವರದಿಯನ್ನು ಈ ವರ್ಷದ್ದರ ಪಕ್ಕ ಇಟ್ಟು ಏರಿತು, ಇಳಿಯಿತು ಅಂತ ನೋಡುವವರು ಎರಡೂ ಸಲ ಒಂದೇ ವಿಧಾನದಲ್ಲಿ ಕೋಶ ಒಡೆದಿದ್ದಾರೆಯೇ ಅಂತ ಮೊದಲು ವಿಚಾರಿಸಿ. ಬೇರೆ ಬೇರೆ ವಿಧಾನ ಆಗಿದ್ದರೆ ಆ ಎರಡು ವರದಿಗಳನ್ನು ಹೋಲಿಸಲು ಬರುವುದಿಲ್ಲ.

ಇಂತಿ,
ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಕೆಲಸ ಮಾಡುವ ನಿಮ್ಮ ಓದುಗರಲ್ಲೊಬ್ಬಳು